ನೂತ ಗಾಜು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ನಶ್ಯದ ಡಬ್ಬಿ. ಮುಚ್ಚಳದ ಮೇಲೆ ನೀರಿನ ಬೋಗುಣಿಯ ಅಂಚಿಗೆ ಕುಳಿತ ನಾಲ್ಕು ಪಾರಿವಾಳಗಳು. ತೋಳಳತೆಯಿಂದ ನೋಡಿದವರು ಅದನ್ನು ಕುಂಚದ ಕೆಲಸ ಎಂದೇ ತಿಳಿಯುತ್ತಾರೆ. ಕಣ್ಣಿಗೆ ಹತ್ತಿರ ತಂದು ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ, ಹಕ್ಕಿಯ ಕತ್ತಿನ ಮೇಲಿನ ಒಂದೊಂದು ಗೆರೆಯೂ ಗಾಜಿನ ಚೂರುಗಳ ಸಾಲು ಎಂಬುದು ಗೊತ್ತಾಗುತ್ತದೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ರೋಮ್ ನಗರದಲ್ಲಿ ಬೆಳೆದ ಈ ಕಿರುಮೊಸಾಯಿಕ್ ಕಲೆಯ ಅತಿ ಸೂಕ್ಷ್ಮ ಮಾದರಿಗಳಲ್ಲಿ ಒಂದು ಚದರ ಇಂಚಿಗೆ 5,000 ಚೂರುಗಳವರೆಗೂ ಇರುತ್ತವೆ. ಭಾಗಿಸಿ ನೋಡಿದರೆ ಒಂದು ಚೂರಿನ ಮುಖ ಸುಮಾರು 0.36 ಮಿಲಿಮೀಟರ್ ಬದಿಯ ಚೌಕ. ಒಂದು ರಾಗಿಕಾಳು ಮುಚ್ಚುವ ಜಾಗದಲ್ಲಿ ಇಂಥ ಹತ್ತು ಚೂರುಗಳು ಕೂರುತ್ತವೆ. ಇದನ್ನು ಕಂಡವರ ಬಾಯಲ್ಲಿ ಮೊದಲು ಬರುವ ಮಾತು ‘ಎಷ್ಟು ತಾಳ್ಮೆ!’ ಎಂಬುದು. ತಾಳ್ಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಈ ಕಲೆಯನ್ನು ವಿವರಿಸುವುದಿಲ್ಲ. ಅಷ್ಟು ಸಣ್ಣ ಚೂರನ್ನು ಜೋಡಿಸಿದ್ದು ಕೈ ನಿಜ. ಅಷ್ಟು ಸಣ್ಣದಾಗಿಸಿದ್ದು ಕೈಯಲ್ಲ, ಗಾಜು. ಕರಗುವಾಗ ಗಾಜು ತೋರುವ ಒಂದು ವಿಚಿತ್ರ ಗುಣ ಇಲ್ಲದಿದ್ದರೆ ಎಂಥ ತಾಳ್ಮೆಯವನೂ ಈ ಪಾರಿವಾಳಗಳನ್ನು ಈ ಪ್ರಮಾಣದಲ್ಲಿ ಕೂರಿಸಲಾರ ಎಂಬುದು ಈ ಅಧ್ಯಾಯದ ವಾದ.

ವಾದಕ್ಕೆ ಮುನ್ನ, ಹಳೆಯ ಮೊಸಾಯಿಕ್ ಕೆಲಸಗಾರ ಗಾಜನ್ನು ಹೇಗೆ ತುಂಡು ಮಾಡುತ್ತಿದ್ದ ಎಂಬುದನ್ನು ನೋಡಬೇಕು. ಕುಲುಮೆಯಲ್ಲಿ ಕರಗಿಸಿದ ಬಣ್ಣದ ಅಪಾರದರ್ಶಕ ಗಾಜನ್ನು ರೊಟ್ಟಿಯಂತೆ ಹರವಿ ಆರಿಸುತ್ತಾರೆ. ಇಟಲಿಯಲ್ಲಿ ಇದಕ್ಕೆ ಸ್ಮಾಲ್ತಿ ಎಂದು ಹೆಸರು. ಆರಿದ ಗಾಜನ್ನು ಕೆಳಗೆ ನೆಟ್ಟ ಉಳಿಯ ಮೊನೆಗೆ ಒತ್ತಿಹಿಡಿದು, ಮೇಲಿನಿಂದ ಸುತ್ತಿಗೆಯಿಂದ ಹೊಡೆಯುತ್ತಾರೆ. ಗಾಜು ಬಿರುಕು ಬಿಟ್ಟು ಎರಡಾಗುತ್ತದೆ. ಒಂದು ಸೆಂಟಿಮೀಟರಿನ ಚೂರಿಗೆ ಈ ವಿಧಾನ ಸೊಗಸಾಗಿ ಸಾಗುತ್ತದೆ. ಒಂದು ಮಿಲಿಮೀಟರಿಗೆ ಇಳಿದಾಗ ತೊಡಕು ಶುರು. ಗಾಜಿನ ಒಳಗೆ ಹರಳುಗಳಿಗಿರುವಂಥ ಕ್ರಮಬದ್ಧ ಪದರಗಳಿಲ್ಲ. ಹಾಗಾಗಿ ಬಿರುಕಿಗೆ ಹಿಡಿದು ನಡೆಯಲು ದಾರಿಯೇ ಇಲ್ಲ. ಅದು ಒತ್ತಡ ಎಳೆದತ್ತ ಬಾಗುತ್ತಾ, ಚಿಪ್ಪಿನ ಒಳಮೈಯಂತೆ ಡೊಂಕಾಗಿ ಓಡುತ್ತದೆ. ದೊಡ್ಡ ಚೂರಿನಲ್ಲಿ ಅರ್ಧ ಮಿಲಿಮೀಟರಿನ ಡೊಂಕು ಲೆಕ್ಕಕ್ಕೆ ಬಾರದು. ಅರ್ಧ ಮಿಲಿಮೀಟರಿನ ಚೂರಿನಲ್ಲಾದರೋ ಆ ಡೊಂಕೇ ಇಡೀ ಚೂರು. ಕತ್ತರಿಸುವ ವಿದ್ಯೆಗೆ ಹೀಗೆ ಒಂದು ತಳಮಿತಿ ಇದೆ. ಆ ಮಿತಿಯನ್ನು ಹಾಕಿದ್ದು ಕೆಲಸಗಾರನ ಕೈಚಳಕವಲ್ಲ, ಗಾಜು ಒಡೆಯುವ ರೀತಿ.

ಮಿತಿ ದಾಟಿಸಿದ್ದು ಬೆಂಕಿ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ನೀರಾಗುತ್ತದೆ, ಚಿನ್ನ 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗುತ್ತದೆ. ಆ ಗೆರೆಯ ಈಚೆ ಘನ, ಆಚೆ ದ್ರವ. ನಡುವೆ ಏನೂ ಇಲ್ಲ. ಗಾಜಿಗೆ ಅಂಥ ಗೆರೆಯೇ ಇಲ್ಲ. ಕಿಟಕಿಗೆ ಬಳಸುವಂಥ ಸಾಮಾನ್ಯ ಗಾಜು 1,000 ಡಿಗ್ರಿಯ ಆಸುಪಾಸಿನಲ್ಲಿ ಜೇನುತುಪ್ಪಕ್ಕಿಂತ ನೂರಾರು ಪಟ್ಟು ಮಂದವಾದ ದ್ರವ. 700ರ ಹತ್ತಿರ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜೋಲುವ ಮುದ್ದೆ. 500ರ ಕೆಳಗೆ ಗಟ್ಟಿ. ಈ ದಾರಿಯುದ್ದಕ್ಕೂ ಅದು ಮೆಲ್ಲಮೆಲ್ಲನೆ ಬಿಗಿಯಾಗುತ್ತಾ ಹೋಗುತ್ತದೆ. ಪಾಕ ಹಿಡಿಯುವವರಿಗೆ ಇದು ಹೊಸತೇನಲ್ಲ. ಸಕ್ಕರೆ ನೀರು ಒಮ್ಮೆಗೇ ಗಟ್ಟಿಯಾಗುವುದಿಲ್ಲ. ನಡುವೆ ಎಳೆಪಾಕ ಎಂಬ ಹದ ಬರುತ್ತದೆ, ಎರಡು ಬೆರಳ ನಡುವೆ ಎಳೆದರೆ ಹರಿಯದೆ ನೂಲಾಗುತ್ತದೆ. ಅಲ್ಲಿ ನೀರು ಆವಿಯಾಗಿ ಹದ ಬರುತ್ತದೆ, ಇಲ್ಲಿ ಶಾಖ ಇಳಿದು ಹದ ಬರುತ್ತದೆ, ಫಲ ಒಂದೇ. ಎಳೆದ ಎಳೆ ತೆಳುವಾದಷ್ಟೂ ಬೇಗ ತಣಿಯುತ್ತದೆ, ತಣಿದಷ್ಟೂ ಬಿಗಿಯಾಗುತ್ತದೆ. ಹಾಗಾಗಿ ತೆಳುವಾದ ಜಾಗದಲ್ಲಿ ತುಂಡಾಗುವ ಬದಲು ಅಲ್ಲಿ ಹಿಗ್ಗುವುದು ನಿಂತು, ಇನ್ನೂ ಬಿಸಿಯಾಗಿರುವ ದಪ್ಪ ಭಾಗ ಹಿಗ್ಗಲು ತೊಡಗುತ್ತದೆ. ಗಾಜು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾ ಎಳೆಯಾಗುತ್ತದೆ.

ರೋಮ್‌ನ ಕಿರುಮೊಸಾಯಿಕ್ ಕೆಲಸಗಾರರು ಮಾಡಿದ್ದು ಇಷ್ಟೇ: ಸ್ಮಾಲ್ತಿಯ ಚೂರುಗಳನ್ನು ಜ್ವಾಲೆಯಲ್ಲಿ ಮತ್ತೆ ಮೆತ್ತಗೆ ಮಾಡಿ, ಕಡ್ಡಿಯಾಗಿ, ಕಡ್ಡಿಯಿಂದ ಎಳೆಯಾಗಿ ಎಳೆದರು. ಇದರ ಲೆಕ್ಕ ಬೆರಗು ಹುಟ್ಟಿಸುತ್ತದೆ. ಒಂದು ಸೆಂಟಿಮೀಟರ್ ಬದಿಯ, ಹತ್ತು ಸೆಂಟಿಮೀಟರ್ ಉದ್ದದ ಚೌಕ ಕಡ್ಡಿಯೊಂದನ್ನು ಅರ್ಧ ಮಿಲಿಮೀಟರ್ ಬದಿಗೆ ಎಳೆದೆವೆನ್ನಿ. ಬದಿ 20 ಪಟ್ಟು ಕುಗ್ಗಿತು, ಅಡ್ಡಕೊಯ್ತದ ವಿಸ್ತೀರ್ಣ 400 ಪಟ್ಟು ಕುಗ್ಗಿತು. ಗಾಜಿನ ಗಾತ್ರ ಎಲ್ಲಿಗೂ ಹೋಗುವಂತಿಲ್ಲವಾದ್ದರಿಂದ ಉದ್ದ 400 ಪಟ್ಟು ಹಿಗ್ಗಿ 40 ಮೀಟರ್ ಆಗಲೇಬೇಕು. ಅದನ್ನು ಎರಡು ಮಿಲಿಮೀಟರಿಗೊಂದರಂತೆ ಮುರಿದರೆ 20,000 ಚೂರು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಸುತ್ತಿಗೆಯ ವಿದ್ಯೆಯಲ್ಲಿ ಒಂದೊಂದು ಚೂರಿಗೂ ಬೇರೆ ಹೊಡೆತ, ಬೇರೆ ತಾಳ್ಮೆ ಬೇಕು. ಎಳೆಯುವ ವಿದ್ಯೆಯಲ್ಲಿ ಸಣ್ಣದಾಗಿಸುವ ಶ್ರಮವನ್ನು ಒಮ್ಮೆ ಹೂಡಿದರೆ ಸಾವಿರ ಬಾರಿ ಫಲ. ಮುರಿಯುವ ಕೆಲಸವೂ ಹಗುರವಾಯಿತು. ಗಾಜಿನ ಎಳೆಗೆ ಅರದಿಂದ ಒಂದು ಗೀರು ಹಾಕಿ ಮೆಲ್ಲಗೆ ಬಾಗಿಸಿದರೆ ಬಿರುಕು ಗೀರಿನಿಂದ ಹೊರಟು ನೇರ ಅಡ್ಡ ಓಡಿ ಮುಗಿಯುತ್ತದೆ. ಡೊಂಕಾಗಲು ಅದಕ್ಕೆ ಅಷ್ಟು ದೂರವೇ ಇಲ್ಲ. ದಪ್ಪ ಗಾಜಿನಲ್ಲಿ ಶತ್ರುವಾಗಿದ್ದ ಬಿರುಕು ಎಳೆಯಲ್ಲಿ ಕೆಲಸದಾಳಾಗುತ್ತದೆ.

ಇದಕ್ಕಿಂತ ಗಾಢವಾದ ಸಂಗತಿ ಇನ್ನೊಂದಿದೆ: ಎಳೆದಾಗ ಗಾಜು ತೆಳುವಾಗುತ್ತದೆ, ಆದರೆ ಅದರ ಒಳರೂಪ ಕೆಡುವುದಿಲ್ಲ. ನೀರಿನಲ್ಲಿ ಎರಡು ಬಣ್ಣ ಸುರಿದು ಕಲಕಿದರೆ ಸುಳಿಯೆದ್ದು ಬೆರೆತುಹೋಗುತ್ತವೆ. ಮಂದವಾದ ಗಾಜಿನಲ್ಲಿ ಸುಳಿ ಏಳುವುದೇ ಇಲ್ಲ, ಪದರಗಳು ಒಂದರ ಪಕ್ಕ ಒಂದು ಶಿಸ್ತಾಗಿ ಜಾರುತ್ತವೆ. ಬಣ್ಣ ಕೊಡುವ ಲೋಹದ ಅಯಾನುಗಳು ಒಂದರಿಂದ ಇನ್ನೊಂದಕ್ಕೆ ನುಸುಳಬಹುದು, ಆದರೆ ಎಳೆಯುವ ಕೆಲವು ಕ್ಷಣಗಳಲ್ಲಿ ಅವು ದಾಟುವ ದೂರ ನಗಣ್ಯ. ಚೌಕದ ಮೂಲೆಗಳನ್ನು ಉರುಟು ಮಾಡಲು ಮೇಲ್ಮೈ ಎಳೆತ ಹವಣಿಸುತ್ತದೆ. ಗಾಜು ಸಾಕಷ್ಟು ಬಿಗಿಯಾಗಿದ್ದರೆ ಅದು ಗೆಲ್ಲುವ ಹೊತ್ತಿಗೆ ಎಳೆ ಆರಿಯೇ ಹೋಗಿರುತ್ತದೆ. ಜಾತ್ರೆಗಳಲ್ಲಿ ಕೋಲಿಗೆ ಸುತ್ತಿದ ಬಾಂಬೆ ಮಿಠಾಯಿಯನ್ನು ಎಳೆದು ಮಗುವಿನ ಮುಂಗೈಗೆ ಕೈಗಡಿಯಾರ ಕಟ್ಟುವಾಗ, ಮುದ್ದೆಯ ಮೇಲಿದ್ದ ಬಣ್ಣದ ಪಟ್ಟೆಗಳು ಎಳೆಯ ಮೇಲೂ ಹಾಗೇ ಉಳಿದಿರುತ್ತವಲ್ಲ, ಅದೇ ನಿಯಮ ಇದು. 19ನೇ ಶತಮಾನದ ಮೊದಲ ದಶಕಗಳಲ್ಲಿ ಆಂಟೋನಿಯೊ ಅಗ್ವಾತ್ತಿ ಎಂಬ ಕುಶಲಿ ಈ ಗುಣವನ್ನು ಪೂರ್ತಿ ದುಡಿಸಿಕೊಂಡ. ಹಲವು ಛಾಯೆಗಳ ಗಾಜನ್ನು ಒಟ್ಟಿಗೆ ಮೆತ್ತಗೆ ಮಾಡಿ, ಪೂರ್ತಿ ಬೆರೆಯುವ ಮೊದಲೇ ಎಳೆದು, ಒಂದೇ ಎಳೆಯ ಅಡ್ಡಕೊಯ್ತದಲ್ಲಿ ಕಡುಬಣ್ಣದಿಂದ ತಿಳಿಬಣ್ಣಕ್ಕೆ ಇಳಿಯುವ ಛಾಯೆ ತಂದ. ಇಂಥ ಎಳೆಗೆ ಇಟಲಿಯವರು ಕೊಟ್ಟ ಹೆಸರು ಮಾಲ್‌ಮಿಸ್ಕಿಯಾತೊ, ಸರಿಯಾಗಿ ಬೆರೆಯದ್ದು ಎಂದು. ಒಂದು ಎಲೆಯ ಬಿಸಿಲ ಬದಿ, ನೆರಳ ಬದಿ ಎರಡನ್ನೂ ಒಂದೇ ಚೂರು ತೋರಿಸಬಲ್ಲದಾಯಿತು. ನಮ್ಮ ಮನೆಗೆ ಇಂಟರ್ನೆಟ್ ತರುವ ಗಾಜಿನ ತಂತು ತಯಾರಾಗುವುದೂ ಹೀಗೇ: ಒಳತಿರುಳು, ಹೊರಕವಚ ಎರಡನ್ನೂ ದಪ್ಪ ಗಾಜುಗಂಬದಲ್ಲೇ ರೂಪಿಸಿ, ಬಿಸಿಮಾಡಿ, 0.125 ಮಿಲಿಮೀಟರಿಗೆ ಎಳೆಯುತ್ತಾರೆ. ಕಂಬದಲ್ಲಿದ್ದ ಅನುಪಾತ ಎಳೆಯಲ್ಲೂ ಉಳಿಯುತ್ತದೆ. ಸಣ್ಣದರಲ್ಲಿ ಮಾಡಲಾಗದ್ದನ್ನು ದೊಡ್ಡದರಲ್ಲಿ ಮಾಡಿ, ಕುಗ್ಗಿಸುವ ಕೆಲಸವನ್ನು ಗಾಜಿಗೇ ಬಿಡುವುದು ಎರಡರ ಗುಟ್ಟೂ ಹೌದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ರೋಮ್‌ನವರಿಗಿಂತ ನಾಲ್ಕೈದು ಶತಮಾನ ಮೊದಲೇ ಬೈಜಾಂಟಿಯಂನ ಕುಶಲಿಗಳು ಅಂಗೈಯಗಲದ ಮೊಸಾಯಿಕ್ ಮೂರ್ತಿಚಿತ್ರಗಳನ್ನು ಮಾಡಿದ್ದರು. ವಾಷಿಂಗ್ಟನ್ ನಗರದ ಡಂಬಾರ್ಟನ್ ಓಕ್ಸ್ ಸಂಗ್ರಹದಲ್ಲಿರುವ, ಸುಮಾರು 1300ನೇ ಇಸವಿಯ ನಲವತ್ತು ಹುತಾತ್ಮರ ಚಿತ್ರ ಅವುಗಳಲ್ಲೊಂದು. ಮರದ ಹಲಗೆಯ ಮೇಲಿನ ಮೇಣದಲ್ಲೋ ರಾಳದಲ್ಲೋ ನೆಟ್ಟ ಆ ಚೂರುಗಳು ಎಷ್ಟೋ ಕಡೆ ಒಂದು ಮಿಲಿಮೀಟರಿಗಿಂತ ಚಿಕ್ಕವು, ಮತ್ತು ಅವು ಕತ್ತರಿಸಿದ ಚೂರುಗಳು. ಹಾಗಾದರೆ ಕತ್ತರಿಸಿಯೂ ಇಷ್ಟು ಕೆಳಗಿಳಿಯಬಹುದಲ್ಲವೇ? ಇಳಿಯಬಹುದು. ಆದರೆ ಇಳಿದದ್ದರ ಬೆಲೆಯನ್ನೂ ನೋಡಬೇಕು. ಗಾಜಿನ ಜೊತೆಗೆ ಬಣ್ಣದ ಕಲ್ಲು, ಲೋಹ ಎಲ್ಲವನ್ನೂ ಬೆರೆಸಿ, ಸಿಕ್ಕ ಚೂರಿಗೆ ತಕ್ಕ ಜಾಗ ಹುಡುಕಿ ಮಾಡಿದ ಆ ಚಿತ್ರಗಳು ಅರಮನೆ, ಮಠಗಳಿಗೆ ಮೀಸಲಾದ ಅಪರೂಪದ ವಸ್ತುಗಳು. ಇಂದು ಉಳಿದಿರುವುದು ಕೆಲವೇ ಡಜನ್. ರೋಮ್‌ನ ಕಿರುಮೊಸಾಯಿಕ್ ಆದರೋ ಪದಕವಾಗಿ, ಕಿವಿಯೋಲೆಯಾಗಿ, ಡಬ್ಬಿಯ ಮುಚ್ಚಳವಾಗಿ ಬೀದಿಬೀದಿಯ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ತಾಳ್ಮೆಯೊಂದರಿಂದಲೇ ಏನು ಸಾಧ್ಯ ಎಂಬುದಕ್ಕೆ ಬೈಜಾಂಟಿಯಂ ಸಾಕ್ಷಿ: ಕೆಲವು ಮಹಾಕೃತಿಗಳು ಸಾಧ್ಯ. ಒಂದು ಕಸುಬು ಹುಟ್ಟಬೇಕಾದರೆ ವಸ್ತುವಿನ ಸಹಕಾರ ಬೇಕು.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಗಾಜಿನ ಗುಣವೇ ಎಲ್ಲ ಮಾಡಿತೆಂದರೆ, ಆ ಗುಣ ಸಾವಿರಾರು ವರ್ಷಗಳಿಂದ ಇದ್ದೇ ಇತ್ತಲ್ಲ? ಹೌದು, ಅದು ಗೊತ್ತೂ ಇತ್ತು. ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಗಾಜುಗಾರರು ಬಣ್ಣದ ಕಡ್ಡಿಗಳನ್ನು ಕಟ್ಟಾಗಿ ಜೋಡಿಸಿ ಅರ್ಧ ಮುಖವೊಂದನ್ನು ರೂಪಿಸಿ, ಬಿಸಿಮಾಡಿ ಎಳೆದು, ಬಿಲ್ಲೆಬಿಲ್ಲೆಯಾಗಿ ಕೊಯ್ದು, ಎರಡು ಬಿಲ್ಲೆಗಳಲ್ಲಿ ಒಂದನ್ನು ಮಗುಚಿ ಪಕ್ಕದಲ್ಲಿಟ್ಟು ಪೂರ್ತಿ ಮುಖ ಮಾಡುತ್ತಿದ್ದರು. ಆದರೆ ಅಲ್ಲಿ ಕಡ್ಡಿಯೇ ಚಿತ್ರ. ಒಂದು ಕಡ್ಡಿಯಿಂದ ಒಂದೇ ಮುಖ. ಎಳೆಯನ್ನು ಚಿತ್ರವಾಗಿಸದೆ ಚಿತ್ರದ ಅಕ್ಷರವಾಗಿಸಬೇಕಾದರೆ ಬೇರೆ ಮೂರು ಸಂಗತಿ ಕೂಡಿಬರಬೇಕಿತ್ತು, ಮತ್ತು ಅವು ಕೂಡಿದ್ದು ವ್ಯಾಟಿಕನ್‌ನಲ್ಲಿ. ಸೇಂಟ್ ಪೀಟರ್ ಮಹಾಚರ್ಚಿನ ತೇವಕ್ಕೆ ಬಲಿಪೀಠಗಳ ವರ್ಣಚಿತ್ರಗಳು ಹಾಳಾಗುತ್ತಿದ್ದವು. ಅವನ್ನು ಮೊಸಾಯಿಕ್ ಪ್ರತಿಗಳಿಂದ ಬದಲಿಸಲು 1727ರಲ್ಲಿ ಅಲ್ಲಿ ಶಾಶ್ವತ ಮೊಸಾಯಿಕ್ ಕಾರ್ಯಾಗಾರ ಸ್ಥಾಪನೆಯಾಯಿತು. ರಫೇಲ್‌ನಂಥವನ ಚಿತ್ರವನ್ನು ಗಾಜಿನಲ್ಲಿ ನಕಲಿಸಲು ಅಸಂಖ್ಯ ಛಾಯೆಗಳು ಬೇಕು, ಜೊತೆಗೆ ಆ ಗಾಜು ಹೊಳೆಯಬಾರದು. 1730ರ ದಶಕದಲ್ಲಿ ಅಲೆಸ್ಸಿಯೊ ಮಾತ್ತಿಯೋಲಿ ಅಂಥ ಹೊಳಪಿಲ್ಲದ ಅಪಾರದರ್ಶಕ ಗಾಜುಗಳನ್ನು ತಯಾರಿಸಿಕೊಟ್ಟ. ಶತಮಾನದ ಕೊನೆಯ ಹೊತ್ತಿಗೆ ಚರ್ಚಿನ ದೊಡ್ಡ ಕೆಲಸ ಕಡಿಮೆಯಾಗಿ, ನುರಿತ ಕೈಗಳು ಖಾಲಿಯಾದವು. ಅದೇ ಹೊತ್ತಿಗೆ ಯುರೋಪಿನ ಸಿರಿವಂತರ ಮಕ್ಕಳು ಇಟಲಿಯ ಪ್ರವಾಸಕ್ಕೆ ಬಂದು, ಪೆಟ್ಟಿಗೆಯಲ್ಲಿ ಹಿಡಿಯುವ ನೆನಪಿನ ವಸ್ತು ಹುಡುಕುತ್ತಿದ್ದರು. 1775ರಲ್ಲಿ ಜಾಕೊಮೊ ರಫಾಯೆಲ್ಲಿ ತನ್ನ ಕಿರುಮೊಸಾಯಿಕ್‌ಗಳನ್ನು ರೋಮ್‌ನಲ್ಲಿ ಪ್ರದರ್ಶನಕ್ಕಿಟ್ಟ. 1737ರಲ್ಲಿ ತಿವೋಲಿಯ ಹೇಡ್ರಿಯನ್ ಚಕ್ರವರ್ತಿಯ ಬಂಗಲೆಯಲ್ಲಿ ಸಿಕ್ಕ ಪುರಾತನ ಪಾರಿವಾಳಗಳ ಮೊಸಾಯಿಕ್ ಇಂಥ ಮುಚ್ಚಳಗಳ ಮೆಚ್ಚಿನ ವಸ್ತುವಾಯಿತು. ಎಂದರೆ ಗಾಜಿನ ಗುಣ ಬೀಜ. ಮಣ್ಣು, ಮಳೆ ಒದಗಿದ್ದು ಆಗ. ಬೀಜವಿಲ್ಲದ ಕಡೆ ಮಳೆ ಎಷ್ಟು ಸುರಿದರೇನು?

ಬಣ್ಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಳೆದು ಸಣ್ಣದಾಗಿಸಿದ ಮಾತ್ರಕ್ಕೆ ಚಿತ್ರವಾಗುವುದಿಲ್ಲ. ಕೋಬಾಲ್ಟ್ ಗಾಜಿಗೆ ನೀಲಿ ಕೊಡುತ್ತದೆ, ಮ್ಯಾಂಗನೀಸ್ ನೇರಳೆ, ತಾಮ್ರ ತನ್ನ ಸ್ಥಿತಿಗೆ ತಕ್ಕಂತೆ ಹಸಿರುನೀಲಿಯನ್ನೋ ಕೆಂಪನ್ನೋ ಕೊಡುತ್ತದೆ. ಆದರೆ ಪಾರದರ್ಶಕ ಬಣ್ಣದ ಗಾಜನ್ನು ಗಾರೆಯಲ್ಲಿ ನೆಟ್ಟರೆ ಕಣ್ಣಿಗೆ ಕಾಣುವುದು ಕೆಳಗಿನ ಗಾರೆ. ಅದಕ್ಕೆ ತವರದ ಆಕ್ಸೈಡ್, ಆಂಟಿಮನಿಯ ಸಂಯುಕ್ತಗಳಂಥವನ್ನು ಸೇರಿಸುತ್ತಾರೆ. ಗಾಜಿನೊಳಗೆ ಕರಗದೆ ಉಳಿಯುವ ಇವುಗಳ ಸೂಕ್ಷ್ಮ ಹರಳುಗಳು ಒಳಹೊಕ್ಕ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಹಿಂದಕ್ಕೆ ಕಳಿಸುತ್ತವೆ. ಹಾಲು ಬೆಳ್ಳಗೆ ಕಾಣುವುದೂ ಇಂಥ ಚದುರಿಕೆಯಿಂದಲೇ. ಚಿತ್ರಕಾರ ಹಲಗೆಯ ಮೇಲೆ ಬಣ್ಣ ಬೆರೆಸಿಕೊಳ್ಳಬಲ್ಲ. ಚೂರು ನೆಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಬೆರಕೆಯೆಲ್ಲ ಬೆಂಕಿಯಲ್ಲೇ ಮುಗಿದಿರಬೇಕು. ವ್ಯಾಟಿಕನ್‌ನ ಸ್ಮಾಲ್ತಿ ಉಗ್ರಾಣದಲ್ಲಿ ಸುಮಾರು 28,000 ಛಾಯೆಗಳಿವೆ ಎನ್ನುವುದರ ಅರ್ಥ ಇದೇ. ಇನ್ನು ಗಾರೆ. ಸುಣ್ಣ, ಟ್ರಾವರ್ಟೈನ್ ಕಲ್ಲಿನ ಪುಡಿ, ಅಗಸೆ ಎಣ್ಣೆ ಇವುಗಳ ಮಿಶ್ರಣ ಅದು. ನಮ್ಮ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗಿ ಎಲೆಗೆ ಬರುವ ಅಗಸಿಯ ಎಣ್ಣೆಗೆ ಒಂದು ವಿಶೇಷ ಗುಣವಿದೆ: ಅದು ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತದೆ. ಇದು ದಿನಗಟ್ಟಲೆ ಹಿಡಿಯುವ ಕ್ರಿಯೆ. ಬರೀ ಸುಣ್ಣದ ಗಾರೆ ಕೆಲವೇ ಗಂಟೆಗಳಲ್ಲಿ ಬಿಗಿದು ಅವಸರ ಪಡಿಸುತ್ತಿತ್ತು. ಎಣ್ಣೆಗಾರೆ ಚಿಮಟದಿಂದ ಚೂರನ್ನು ಕಿತ್ತು ಮತ್ತೆ ನೆಡಲು ಬಿಡುವು ಕೊಟ್ಟಿತು. ನಾವು ಹೊಗಳುವ ತಾಳ್ಮೆ ಕೆಲಸಗಾರನಲ್ಲಿ ಎಷ್ಟಿತ್ತೋ, ಎಣ್ಣೆಯಲ್ಲೂ ಅಷ್ಟಿತ್ತು.

ಮೂರನೆಯ ಆಕ್ಷೇಪ ಇಂದಿನವರದು. ಇಷ್ಟೆಲ್ಲ ಏಕೆ, ಇದು ಹಳೆಯ ಕಾಲದ ಪಿಕ್ಸೆಲ್. ಚುಕ್ಕಿ ಸಾಕಷ್ಟು ಸಣ್ಣದಾದರೆ ಕಣ್ಣು ತಾನೇ ಬೆರೆಸಿಕೊಳ್ಳುತ್ತದೆ, ಅಷ್ಟೇ ಅಲ್ಲವೇ? ಲೆಕ್ಕ ಹಾಕಿದರೆ ಈ ಹೋಲಿಕೆ ನಿಲ್ಲುವುದಿಲ್ಲ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯಷ್ಟು ನೋಟದ ಅಗಲದಲ್ಲಿ ಕಪ್ಪು-ಬಿಳಿ ಗೆರೆಗಳ ಸುಮಾರು 30 ಜೋಡಿಯನ್ನು ಬಿಡಿಸಿ ನೋಡಬಲ್ಲದು. ಓದುವ ದೂರವಾದ 25 ಸೆಂಟಿಮೀಟರಿನಲ್ಲಿ 0.36 ಮಿಲಿಮೀಟರಿನ ಚೂರುಗಳು ಡಿಗ್ರಿಗೆ ಆರು ಜೋಡಿಯಷ್ಟೇ ಆಗುತ್ತವೆ. ಅವು ಹೊಳಪಿನಲ್ಲಿ ಬೇರೆಯಾಗಿದ್ದರೆ ಒಂದೂಕಾಲು ಮೀಟರ್ ದೂರದವರೆಗೂ ಬೇರೆಬೇರೆಯಾಗಿಯೇ ಕಾಣಬೇಕು. ಇಂದಿನ ಮೊಬೈಲ್ ಪರದೆಯಲ್ಲಿ ಒಂದು ಇಂಚಿಗೆ 400 ಪಿಕ್ಸೆಲ್, ಅಂದರೆ ಚದರ ಇಂಚಿಗೆ 1,60,000. ಕಿರುಮೊಸಾಯಿಕ್ ಅದರ ಮುಂದೆ ಒರಟು. ಆದರೂ ಕೈಯಲ್ಲಿ ಹಿಡಿದ ಪಾರಿವಾಳ ಕುಂಚದ್ದೆಂದು ತೋರುತ್ತದೆ. ಕಾರಣ, ಹೊಳಪಿನ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ಕಣ್ಣು ಬಣ್ಣದ ವ್ಯತ್ಯಾಸವನ್ನು ಹಿಡಿಯಲಾರದು. ಹೊಳಪು ಒಂದೇ ಇದ್ದು ಬಣ್ಣ ಮಾತ್ರ ಬೇರೆಯಾದ ಗೆರೆಗಳು ಡಿಗ್ರಿಗೆ 12 ಜೋಡಿಯ ಸುಮಾರಿಗೇ ಬೆರೆತುಹೋಗುತ್ತವೆ. ನಮ್ಮ ಚೂರುಗಳಿಗೆ ಅದು ಅರ್ಧ ಮೀಟರ್, ಅಂದರೆ ತೋಳಳತೆ. ಆದ್ದರಿಂದ ಕಲೆಗಾರ ಗೆಲ್ಲಬೇಕಾದ್ದು ಗಾತ್ರದ ಮೇಲಲ್ಲ, ಹೊಳಪಿನ ಏರಿಳಿತದ ಮೇಲೆ. ಅಕ್ಕಪಕ್ಕದ ಚೂರುಗಳ ಹೊಳಪು ಮೆಲ್ಲಗೆ ಇಳಿಯುವಂತೆ 28,000ದಲ್ಲಿ ಆರಿಸುವುದು, ಚೂರುಗಳ ನಡುವಿನ ಸಂದಿಗೆ ಅದೇ ಬಣ್ಣದ ಮೇಣ ತುಂಬುವುದು, ಮೇಲ್ಮೈಯನ್ನು ಒಟ್ಟಾಗಿ ತಿಕ್ಕಿ ನಯಗೊಳಿಸುವುದು, ಎಲ್ಲವೂ ಇದಕ್ಕೇ. ಸಂದಿಯಲ್ಲಿ ಬೂದುಗಾರೆ ಹಾಗೇ ಕಂಡಿದ್ದರೆ ಪಾರಿವಾಳ ಬಲೆಯೊಳಗೆ ಸಿಕ್ಕಂತೆ ಕಾಣುತ್ತಿತ್ತು. ಪಿಕ್ಸೆಲ್‌ಗೆ ಇಲ್ಲದ ಇನ್ನೊಂದು ಸೌಲಭ್ಯವೂ ಇಲ್ಲಿದೆ: ಚೂರುಗಳು ಸಾಲಾಗುವ ದಿಕ್ಕು. ಗರಿಯ ಮೇಲೆ ಅವು ಗರಿಯ ಓಟವನ್ನೇ ಹಿಡಿದು ಸಾಗುತ್ತವೆ. ಬಿಡಿ ಚೂರು ಕಂಡರೂ ಕಣ್ಣು ಅದನ್ನು ಗರಿಯ ಎಳೆ ಎಂದೇ ಓದಿಕೊಳ್ಳುತ್ತದೆ.

ಕೊನೆಯದು ಕಲಾರಸಿಕರ ಆಕ್ಷೇಪ: ಇಷ್ಟು ಪಟ್ಟು ಬಿದ್ದದ್ದು ವರ್ಣಚಿತ್ರದಂತೆ ಕಾಣಲೆಂದೇ ಆದರೆ, ನೇರ ವರ್ಣಚಿತ್ರವನ್ನೇ ಬರೆಯಬಹುದಿತ್ತಲ್ಲ? ಬಾಳಿಕೆ ಎಂಬುದು ವಾಡಿಕೆಯ ಉತ್ತರ, ಅದರಲ್ಲಿ ಹುರುಳಿದೆ. ಗಾಜಿನಲ್ಲಿ ಬಣ್ಣ ಮೇಲೆ ಬಳಿದದ್ದಲ್ಲ, ಆಳದವರೆಗೂ ಇರುವಂಥದ್ದು. ಬೆಳಕಿಗೆ ಮಾಸುವ ಸಾವಯವ ವರ್ಣಗಳು ಅದರಲ್ಲಿಲ್ಲ. ಮೇಲ್ಮೈ ಸವೆದರೆ ಕೆಳಗೆ ಅದೇ ಬಣ್ಣ. ಆದರೆ ಗಾಜನ್ನು ಅಮರ ಎನ್ನುವುದೂ ತಪ್ಪು. ತೇವ ಗಾಜಿನ ಕ್ಷಾರವನ್ನು ನಿಧಾನವಾಗಿ ಹೊರಗೆಳೆಯುತ್ತದೆ, ಎಣ್ಣೆಗಾರೆ ಹಳತಾದಂತೆ ಬಿರುಸಾಗುತ್ತದೆ, ಕೈಜಾರಿ ಬಿದ್ದ ಡಬ್ಬಿಯಿಂದ ಚೂರುಗಳು ಹಾರುತ್ತವೆ. ಇನ್ನೂ ಸರಿಯಾದ ಉತ್ತರ ಬೇರೆ ಇದೆ. ವರ್ಣಚಿತ್ರದಲ್ಲಿ ಪ್ರತಿ ಛಾಯೆಯೂ ಕುಂಚದ ಆ ಗಳಿಗೆಯ ನಿರ್ಧಾರ. ಕಿರುಮೊಸಾಯಿಕ್‌ನಲ್ಲಿ ಚಿತ್ರ ಎರಡು ಕಡೆ ಹುಟ್ಟುತ್ತದೆ: ಅರ್ಧ ಜ್ವಾಲೆಯ ಮುಂದೆ, ಎಳೆಯ ಅಡ್ಡಕೊಯ್ತದಲ್ಲಿ, ಇನ್ನರ್ಧ ಚಿಮಟದ ತುದಿಯಲ್ಲಿ. ಅಗ್ವಾತ್ತಿಯ ಎರಡು ಛಾಯೆಯ ಚೂರು ತಾನೇ ಒಂದು ಪುಟ್ಟ ಚಿತ್ರ. ಅದನ್ನು ಅಷ್ಟು ಸಣ್ಣದಾಗಿ ಬರೆಯಬಲ್ಲ ಕುಂಚವಿಲ್ಲ. ಅದನ್ನು ಬರೆದದ್ದು ಹರಿಯುತ್ತಲೇ ಹೆಪ್ಪುಗಟ್ಟಿದ ಗಾಜು.

ಈ ಕಲೆಗೆ ಅಂಟಿಕೊಂಡ ಹೆಸರು ಇಲ್ಲಿ ಕೊಂಚ ದಾರಿ ತಪ್ಪಿಸುತ್ತದೆ. ಮೈಕ್ರೊಮೊಸಾಯಿಕ್ ಎಂಬ ಪದವನ್ನು ಬಳಕೆಗೆ ತಂದವರು 20ನೇ ಶತಮಾನದ ಸಂಗ್ರಾಹಕ ಆರ್ಥರ್ ಗಿಲ್ಬರ್ಟ್. ಅವರ ಸಂಗ್ರಹ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದು ನೋಡುವವರು ಇಟ್ಟ ಹೆಸರು, ಗಾತ್ರ ನೋಡಿ ಬೆರಗಾಗುವ ಹೆಸರು. ಆ ಬೆರಗು ನೇರ ತಾಳ್ಮೆಯ ಹೊಗಳಿಕೆಗೆ ಒಯ್ಯುತ್ತದೆ. ಕಸುಬಿನವರು ತಮ್ಮ ಗಾಜನ್ನು ಕರೆದದ್ದು ಸ್ಮಾಲ್ತಿ ಫಿಲಾತಿ ಎಂದು. ಫಿಲಾರೆ ಎಂದರೆ ಇಟಾಲಿಯನ್ ಭಾಷೆಯಲ್ಲಿ ನೂಲುವುದು. ಫಿಲಾತಿ ಎಂದರೆ ನೂತದ್ದು. ಅವರ ಮಾತಿನಲ್ಲಿ ಚಿಕ್ಕದು ಎಂಬುದರ ಸುಳಿವೇ ಇಲ್ಲ, ಬೆಂಕಿಯ ಮುಂದೆ ಏನು ನಡೆಯಿತು ಎಂಬುದಷ್ಟೇ ಇದೆ. ಹತ್ತಿಯನ್ನು ಕತ್ತರಿಸಿ ಕತ್ತರಿಸಿ ನೂಲು ಮಾಡಲಾಗದು, ಎಳೆದೇ ಮಾಡಬೇಕು ಎಂಬುದು ರಾಟೆಯ ಮುಂದೆ ಕೂತ ಯಾರಿಗೂ ಗೊತ್ತು. ಗಾಜಿನ ವಿಷಯದಲ್ಲೂ ಸತ್ಯ ಅಷ್ಟೇ ಸರಳ, ಮತ್ತು ಆ ಸತ್ಯ ಕಸುಬಿನ ಹೆಸರಿನಲ್ಲಿ ಮೊದಲಿನಿಂದಲೂ ಇತ್ತು.